ಹಾಟ್ ಹ್ಯಾಚ್ ದಿನದ ಗಾಡಿಯಾದರೆ: ಆರಿಸುವುದು, ಪರೀಕ್ಷಿಸುವುದು, ಸಾಕುವುದು

ಮನೆಮಂದಿಯ ಹ್ಯಾಚ್‌ಬ್ಯಾಕ್ ಕಾರಿಗೆ ಜೋರಾದ ಇಂಜಿನ್, ಬಿಗಿಯಾದ ಸಸ್ಪೆನ್ಷನ್, ದೊಡ್ಡ ಬ್ರೇಕ್ ಕೊಟ್ಟರೆ ಅದು ಹಾಟ್ ಹ್ಯಾಚ್. ಈ ಬಗೆಯ ಕಾರಿಗೆ ಜಗತ್ತಿನಾದ್ಯಂತ ಹೆಸರು ತಂದದ್ದು ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. 1975ರ ಫ್ರಾಂಕ್‌ಫರ್ಟ್ ಮೋಟಾರ್ ಶೋದಲ್ಲಿ ಅದನ್ನು ತೋರಿಸಿದರು, 1976ರಲ್ಲಿ ಮಾರಾಟಕ್ಕೆ ಬಂತು. 1.6 ಲೀಟರ್ ಇಂಜಿನ್, 110 ಹಾರ್ಸ್‌ಪವರ್, ತೂಕ ಸುಮಾರು 810 ಕಿಲೊ. 5,000 ಗಾಡಿ ಮಾಡಿದರೆ ಸಾಕು ಅಂದುಕೊಂಡಿದ್ದ ಕಂಪನಿ ಆ ಮೊದಲ ತಲೆಮಾರಿನಲ್ಲೇ 4.6 ಲಕ್ಷಕ್ಕೂ ಹೆಚ್ಚು ಮಾಡಬೇಕಾಯಿತು. ಒಂದೇ ಗಾಡಿ ಕೊಳ್ಳುವಷ್ಟು ದುಡ್ಡು, ಒಂದೇ ಗಾಡಿ ನಿಲ್ಲಿಸುವಷ್ಟು ಜಾಗ ಇರುವವರು ಎಲ್ಲ ಕಡೆ ಇದ್ದಾರೆ. ಅವರಿಗೆ ಕೆಲಸಕ್ಕೂ ಅದೇ ಗಾಡಿ, ಖುಷಿಗೂ ಅದೇ ಗಾಡಿ.

ಕೊಳ್ಳುವಾಗ ಎಲ್ಲರ ಕಣ್ಣು ಹೋಗುವುದು ಹಾರ್ಸ್‌ಪವರ್ ಮೇಲೆ. ಕೊಂಡ ಮೇಲೆ ದಿನಾ ಕೈಗೆ, ಕಾಲಿಗೆ, ಸೊಂಟಕ್ಕೆ ಸಿಗುವುದು ಬೇರೆಯೇ: ಕ್ಲಚ್ ಎಷ್ಟು ಭಾರ, ಸೀಟು ಹೇಗಿದೆ, ಟಯರು ಎಷ್ಟು ತೆಳು, ಗುಂಡಿಗೆ ಬಿದ್ದಾಗ ಗಾಡಿ ಏನು ಮಾಡುತ್ತದೆ. ಈ ಗಾಡಿಗಳನ್ನು ತುಂಬಾ ಇಷ್ಟಪಡುವ ನಾನು ಹೇಳುವುದು ಒಂದೇ ಮಾತು. ನಿಧಾನವಾಗಿ ಹೋಗುವಾಗಲೂ ಹಿತವಾಗಿರುವ ಹಾಟ್ ಹ್ಯಾಚನ್ನು ಆರಿಸಿ. ವೇಗ ಇವುಗಳಲ್ಲಿ ಎಲ್ಲಕ್ಕೂ ಇದೆ.

ಹಂತ 1: ನಿಮ್ಮ ವಾರ ಹೇಗಿರುತ್ತದೆ, ನೋಡಿ

ಶೋರೂಮಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಮಾಮೂಲಿ ವಾರವನ್ನು ಬರೆಯಿರಿ. ದಿನಾ ಎಷ್ಟು ದೂರ, ಅದರಲ್ಲಿ ಟ್ರಾಫಿಕ್ ಎಷ್ಟು, ಹೈವೇ ಎಷ್ಟು, ಹಿಂದೆ ಯಾರು ಕೂರುತ್ತಾರೆ, ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ.

ಇದರಲ್ಲಿ ಎರಡು ಉತ್ತರಕ್ಕೆ ತೂಕ ಜಾಸ್ತಿ. ಮೊದಲನೆಯದು ದೂರ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿ ನಿಲ್ಲುವ ಗಾಡಿ ನಿಮ್ಮದಾದರೆ ಟರ್ಬೊ (ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುವ ಭಾಗ) ಇರುವ ಪೆಟ್ರೋಲ್ ಇಂಜಿನ್‌ಗೆ ಅದು ಒಳ್ಳೆಯದಲ್ಲ. ಆಯಿಲ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಉರಿಯದೆ ಉಳಿದ ಪೆಟ್ರೋಲ್, ನೀರಿನ ಪಸೆ ಎರಡೂ ಆಯಿಲ್‌ಗೆ ಸೇರಿ ಅದನ್ನು ಕೆಡಿಸುತ್ತವೆ. ಎಕ್ಸಾಸ್ಟ್‌ನಲ್ಲಿ ಹೊಗೆಯ ಮಸಿ ಹಿಡಿಯುವ ಪಾರ್ಟಿಕ್ಯುಲೇಟ್ ಫಿಲ್ಟರ್ ಇರುವ ಹೊಸ ಗಾಡಿಗಳಲ್ಲಿ ಆ ಫಿಲ್ಟರ್ ಕಟ್ಟಿಕೊಳ್ಳಲೂಬಹುದು. ಇಂಥವರು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಬಿಡದೆ ಓಡಿಸುವ ಹಾಗಿರಬೇಕು.

ಎರಡನೆಯದು ಪಾರ್ಕಿಂಗ್‌ಗೆ ಇಳಿಯುವ ದಾರಿ. ಮುಂದಿನ ಬಂಪರ್ ಕೆಳಗೆ ಬಂದಿರುವ ಗಾಡಿಗಳಿಗೆ ಕಡಿದಾದ ಇಳಿಜಾರು, ಎತ್ತರದ ಹಂಪ್ ಎರಡೂ ಕಷ್ಟ. ಗಾಡಿ ಮನಸ್ಸಿಗೆ ಬಂದ ಮೇಲೆ ಟೆಸ್ಟ್ ಡ್ರೈವ್‌ನಲ್ಲೇ ಅದನ್ನು ನಿಮ್ಮ ಪಾರ್ಕಿಂಗ್‌ವರೆಗೆ ತನ್ನಿ. ದಿನಾ ಎರಡು ಸಲ ಕರ್ರ್ ಅನ್ನುವ ಶಬ್ದ ಕೇಳುತ್ತಾ ಬದುಕುವುದು ಬೇಡ.

ಮಕ್ಕಳ ಸೀಟು ಹಾಕುವವರು ಮೂರು ಬಾಗಿಲಿನ ಗಾಡಿಯ ಆಸೆ ಬಿಡುವುದು ಒಳ್ಳೆಯದು. ನೋಡಲು ಎಷ್ಟೇ ಚೆನ್ನಾಗಿದ್ದರೂ ದಿನಾ ಬಗ್ಗಿ ಏಳುವ ಸೊಂಟ ನಿಮ್ಮದು, ಅಲ್ವಾ?

ಹಂತ 2: ಎಷ್ಟು ಪವರ್ ಬೇಕು, ಯಾವ ಗಾತ್ರ ಬೇಕು

ಹಾಟ್ ಹ್ಯಾಚ್‌ಗಳನ್ನು ಸುಮಾರಾಗಿ ಮೂರು ಗುಂಪು ಮಾಡಬಹುದು. ಚಿಕ್ಕವು: ಸುಜುಕಿ ಸ್ವಿಫ್ಟ್ ಸ್ಪೋರ್ಟ್, ಫೋರ್ಡ್ ಫಿಯೆಸ್ಟಾ ಎಸ್‌ಟಿ, ಹ್ಯುಂಡೈ ಐ20 ಎನ್, ಪೋಲೊ ಜಿಟಿಐ. ನಡುವಿನವು: ಗಾಲ್ಫ್ ಜಿಟಿಐ, ಹ್ಯುಂಡೈ ಐ30 ಎನ್, ಹೋಂಡಾ ಸಿವಿಕ್ ಟೈಪ್ ಆರ್. ಮೂರನೆಯವು ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವವು: ಗಾಲ್ಫ್ ಆರ್, ಟೊಯೊಟಾ ಜಿಆರ್ ಯಾರಿಸ್, ಮರ್ಸಿಡಿಸ್ ಎಎಂಜಿ ಎ45 ಎಸ್. ಕೆಲವು ಮಾದರಿಗಳ ತಯಾರಿ ನಿಂತಿದೆ, ಆದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ.

ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡಿ. ಹಾರ್ಸ್‌ಪವರನ್ನು ತೂಕದಿಂದ ಭಾಗಿಸಿ. ಐ20 ಎನ್‌ಗೆ 204 ಹಾರ್ಸ್‌ಪವರ್, ತೂಕ ಸುಮಾರು 1,190 ಕಿಲೊ. ಎಂಟನೇ ತಲೆಮಾರಿನ ಗಾಲ್ಫ್ ಜಿಟಿಐ 245 ಹಾರ್ಸ್‌ಪವರ್‌ನಿಂದ ಶುರುವಾಯಿತು, ತೂಕ 1,400 ಕಿಲೊ ದಾಟುತ್ತದೆ. ಎರಡಕ್ಕೂ ಟನ್ನಿಗೆ ಸುಮಾರು 170 ಹಾರ್ಸ್‌ಪವರ್ ಬೀಳುತ್ತದೆ. ಅಂದರೆ ಕಾಗದದ ಮೇಲೆ ದೊಡ್ಡದಾಗಿ ಕಾಣುವ 40 ಹಾರ್ಸ್‌ಪವರ್‌ನ ಅಂತರವನ್ನು ತೂಕವೇ ನುಂಗಿಬಿಟ್ಟಿದೆ. ಸ್ವಿಫ್ಟ್ ಸ್ಪೋರ್ಟ್‌ನ 1.4 ಟರ್ಬೊ ಇಂಜಿನ್ ಕೊಡುವುದು 140 ಹಾರ್ಸ್‌ಪವರ್ ಮಾತ್ರ. ಆದರೆ ಗಾಡಿಯ ತೂಕ ಒಂದು ಟನ್‌ಗಿಂತ ಕಡಿಮೆ, ಟಾರ್ಕ್ (ತಿರುಗಿಸುವ ಬಲ) 230 ನ್ಯೂಟನ್ ಮೀಟರ್. ಊರೊಳಗೆ ಅದನ್ನು ಓಡಿಸಿದವರಿಗೆ ಪಿಕಪ್ ಸಾಲದು ಅಂತ ಅನ್ನಿಸುವುದು ಕಡಿಮೆ. ಹಗುರ ಗಾಡಿಗೆ ಟಯರು, ಬ್ರೇಕ್ ಪ್ಯಾಡ್, ಪೆಟ್ರೋಲ್ ಎಲ್ಲವೂ ಕಡಿಮೆ ಸವೆಯುತ್ತದೆ. ದಿನದ ಬಳಕೆಗೆ ನನ್ನ ಮೊದಲ ಓಟು ಯಾವಾಗಲೂ ಹಗುರ ಗಾಡಿಗೆ.

ಮುಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಗಾಡಿಯಲ್ಲಿ ಪವರ್ ಜಾಸ್ತಿಯಾದಂತೆ ಒಂದು ತೊಂದರೆ ಬರುತ್ತದೆ. ಜೋರಾಗಿ ಒತ್ತಿದಾಗ ಸ್ಟೇರಿಂಗ್ ತಾನೇ ಒಂದು ಕಡೆ ಎಳೆಯುತ್ತದೆ. ಇದಕ್ಕೆ ಟಾರ್ಕ್ ಸ್ಟಿಯರ್ ಅನ್ನುತ್ತಾರೆ. ತಿರುವಿನಲ್ಲಿ ಒಳಗಿನ ಚಕ್ರ ಸುಮ್ನೆ ಗಿರಕಿ ಹೊಡೆಯುವುದು ಇನ್ನೊಂದು ತೊಂದರೆ. ಅದಕ್ಕೆ ಮದ್ದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಹಿಡಿತ ಇರುವ ಹೊರಗಿನ ಚಕ್ರಕ್ಕೆ ಅದು ಹೆಚ್ಚು ಶಕ್ತಿ ಕಳಿಸುತ್ತದೆ. 200 ಹಾರ್ಸ್‌ಪವರ್ ದಾಟಿದ ಗಾಡಿಯಾದರೆ ಇದು ಇದೆಯೇ ಎಂದು ಕೇಳಿ. ಕೆಲವು ಕಂಪನಿಗಳು ಬರೀ ಬ್ರೇಕ್ ಒತ್ತಿ ಅದೇ ಕೆಲಸ ಮಾಡುವ ಸಾಫ್ಟ್‌ವೇರ್ ಕೊಟ್ಟು ಹೆಚ್ಚು ಕಡಿಮೆ ಅದೇ ಧಾಟಿಯ ಹೆಸರಿಡುತ್ತವೆ. ಎರಡೂ ಒಂದೇ ಅಲ್ಲ.

ಆಲ್ ವೀಲ್ ಡ್ರೈವ್ ಬೇಕಾಗುವುದು ಹಿಮ, ಕೆಸರು, ಸದಾ ಒದ್ದೆಯಿರುವ ಬೆಟ್ಟದ ದಾರಿಯಲ್ಲಿ. ಉಳಿದವರಿಗೆ ಅದು ಹೆಚ್ಚಿನ ತೂಕ, ಹೆಚ್ಚಿನ ಪೆಟ್ರೋಲ್, ಬದಲಿಸಬೇಕಾದ ಇನ್ನೂ ಒಂದೆರಡು ಆಯಿಲ್. ಜಿಆರ್ ಯಾರಿಸ್ ಓಡಿಸಲು ಅದ್ಭುತ ಗಾಡಿ. ಆದರೆ ಮೂರೇ ಬಾಗಿಲು, 174 ಲೀಟರಿನ ಡಿಕ್ಕಿ. ಎರಡು ದೊಡ್ಡ ಸೂಟ್‌ಕೇಸ್ ಹಿಡಿದು ಹೊರಡುವ ಮನೆಗೆ ಅದು ಆಗುವುದಿಲ್ಲ. ಸಿವಿಕ್ ಟೈಪ್ ಆರ್‌ನ ಇತ್ತೀಚಿನ ತಲೆಮಾರುಗಳಲ್ಲಿ ಡಿಕ್ಕಿ ದೊಡ್ಡದು, ಆದರೆ ಹಿಂದಿನ ಸೀಟು ಇಬ್ಬರಿಗೆ ಮಾತ್ರ. ಇಂಥವನ್ನು ಮೊದಲೇ ನೋಡಿಕೊಳ್ಳಬೇಕು.

ಹಂತ 3: ಗೇರು ಮ್ಯಾನುಯಲ್ಲೋ ಆಟೊಮ್ಯಾಟಿಕ್ಕೋ

ಇದಕ್ಕೆ ಉತ್ತರ ನಿಮ್ಮ ಹಾಳೆಯಲ್ಲೇ ಇದೆ. ದಿನಾ ಒಂದು ಗಂಟೆಗಿಂತ ಜಾಸ್ತಿ ನಿಂತು ನಿಂತು ಸಾಗುವ ಟ್ರಾಫಿಕ್ ಇದ್ದರೆ ಆಟೊಮ್ಯಾಟಿಕ್ ತೆಗೆದುಕೊಳ್ಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ರಸ್ತೆ ಬಿಡುವಾಗಿ ಸಿಗುವವರು ಮ್ಯಾನುಯಲ್ ತೆಗೆದುಕೊಳ್ಳಿ. ಮೂರರಿಂದ ಎರಡಕ್ಕೆ ಇಳಿಸಿ ತಿರುವಿಗೆ ಬೀಳುವ ಖುಷಿಯನ್ನು ಬಟನ್ ಕೊಡುವುದಿಲ್ಲ.

ಹಾಟ್ ಹ್ಯಾಚ್‌ಗಳ ಆಟೊಮ್ಯಾಟಿಕ್‌ಗಳಲ್ಲಿ ಹೆಚ್ಚಿನವು ಡ್ಯುಯಲ್ ಕ್ಲಚ್. ಒಳಗೆ ಎರಡು ಕ್ಲಚ್ ಇರುತ್ತವೆ. ಕೆಲವು ಒಣ ಕ್ಲಚ್, ಕೆಲವು ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್. ಟ್ರಾಫಿಕ್‌ನ ಬಿಸಿ ತಡೆಯುವುದರಲ್ಲಿ ಆಯಿಲ್‌ನಲ್ಲಿರುವುದೇ ಮೇಲು. ಆದರೆ ಆ ಆಯಿಲ್ ಬದಲಿಸಬೇಕು. ಫೋಕ್ಸ್‌ವ್ಯಾಗನ್‌ನ ಡಿಎಸ್‌ಜಿ ಎಂಬ ಆರು ಗೇರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿಗೆ 60,000 ಕಿಲೋಮೀಟರ್‌ಗೆ ಒಮ್ಮೆ. ಯಾವುದೇ ಡ್ಯುಯಲ್ ಕ್ಲಚ್ ಇರಲಿ, ಮುಂದಿನ ಗಾಡಿಯ ಹಿಂದೆ ಇಂಚಿಂಚು ತೆವಳಬೇಡಿ. ಒಂದು ಗಾಡಿಯಷ್ಟು ಜಾಗ ಆಗುವವರೆಗೆ ಬ್ರೇಕ್ ಒತ್ತಿ ನಿಲ್ಲಿ, ಆಮೇಲೆ ಒಂದೇ ಸಲ ಹೋಗಿ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಲೇಬೇಡಿ. ಕ್ಲಚ್ ಸುಟ್ಟುಹೋಗುವುದು ಹಾಗೆಯೇ.

ಹಂತ 4: ಟಯರು ಮತ್ತು ರಿಮ್, ಇಲ್ಲಿ ಸಾವಕಾಶ ಮಾಡಿ

ಹಾಟ್ ಹ್ಯಾಚ್ ಜೊತೆ ಬದುಕುವುದರಲ್ಲಿ ಅರ್ಧ ಪಾಲು ಟಯರಿನದ್ದೇ. ಟಯರಿನ ಮೇಲೆ 225/40 ಆರ್18 ಎಂದು ಬರೆದಿದ್ದರೆ ಅಗಲ 225 ಮಿಲಿಮೀಟರ್. ಪಕ್ಕದ ಗೋಡೆಯ ಎತ್ತರ ಅದರ ಶೇಕಡ 40, ಅಂದರೆ 90 ಮಿಲಿಮೀಟರ್. 18 ಇಂಚು ರಿಮ್‌ನ ಅಳತೆ. ಅದೇ ಲೆಕ್ಕ 235/35 ಆರ್19ಕ್ಕೆ ಹಾಕಿ: 82 ಮಿಲಿಮೀಟರ್. 225/45 ಆರ್17ಕ್ಕೆ 101. ಗುಂಡಿಯ ಅಂಚು ತಗುಲಿದಾಗ ರಿಮ್ಮನ್ನು ಕಾಯುವುದು ಇಷ್ಟು ರಬ್ಬರ್ ಮತ್ತು ಅದರೊಳಗಿನ ಗಾಳಿ ಮಾತ್ರ. 82ಕ್ಕೂ 101ಕ್ಕೂ ನಡುವಿನ ಎರಡು ಸೆಂಟಿಮೀಟರ್ ಅಲಾಯ್ ಬಾಗುವುದಕ್ಕೂ ಬಾಗದಿರುವುದಕ್ಕೂ ಇರುವ ಅಂತರ.

ಹಾಗಾಗಿ ಒಂದೇ ಮಾದರಿಯಲ್ಲಿ 18 ಮತ್ತು 19 ಇಂಚು ಎರಡೂ ಸಿಗುತ್ತಿದ್ದರೆ ಕಣ್ಣು ಮುಚ್ಚಿ 18 ಆರಿಸಿ. ಚಿಕ್ಕ ರಿಮ್ ಸಾಮಾನ್ಯವಾಗಿ ಹಗುರ, ಟಯರ್ ಬೆಲೆ ಕಡಿಮೆ, ಕೂತವರಿಗೆ ಕುಲುಕಾಟ ಕಡಿಮೆ. ನೋಟ ಸ್ವಲ್ಪ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಗಾಡಿ ಕೊಂಡ ಮೇಲೆ ಒಂದು ಇಂಚು ಚಿಕ್ಕ ರಿಮ್ ಹಾಕುವ ಯೋಚನೆ ಇದ್ದರೆ ಎರಡು ವಿಷಯ ಖಚಿತ ಮಾಡಿಕೊಳ್ಳಿ. ಮುಂದಿನ ಬ್ರೇಕ್ ಕ್ಯಾಲಿಪರ್ (ಪ್ಯಾಡ್ ಹಿಡಿದು ಒತ್ತುವ ಭಾಗ) ಮೇಲೆ ಆ ಚಿಕ್ಕ ರಿಮ್ ಕೂರಬೇಕು. ಟಯರಿನ ಒಟ್ಟು ಎತ್ತರ ಮೂಲದಷ್ಟೇ ಇರಬೇಕು. 225/40 ಆರ್18 ಮತ್ತು 225/45 ಆರ್17 ಇವೆರಡರ ಎತ್ತರದಲ್ಲಿ ಇರುವ ವ್ಯತ್ಯಾಸ ಮೂರು ಮಿಲಿಮೀಟರ್ ಅಷ್ಟೇ. ಅದು ಸರಿಹೋಗುತ್ತದೆ.

ಗಾಳಿ ವಿಷಯದಲ್ಲಿ ಸೋಮಾರಿತನ ಬೇಡ. ತೆಳು ಟಯರಿನಲ್ಲಿ ಗಾಳಿ ಕಡಿಮೆಯಾದರೆ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಪಕ್ಕದ ಗೋಡೆ ಗಟ್ಟಿ ಇರುವುದರಿಂದ ಟಯರು ತುಂಬಿದಂತೆಯೇ ಕಾಣುತ್ತದೆ. ಚಿಕ್ಕದೊಂದು ಗೇಜ್ ಇಟ್ಟುಕೊಂಡು ಎರಡು ವಾರಕ್ಕೊಮ್ಮೆ, ಬೆಳಗ್ಗೆ ಗಾಡಿ ತೆಗೆಯುವ ಮೊದಲು ನೋಡಿ. ಓಡಿ ಬಂದ ಟಯರಿನಲ್ಲಿ ಬಿಸಿಗೆ ಒತ್ತಡ ಏರಿರುತ್ತದೆ, ಆಗ ನೋಡಿದ ಲೆಕ್ಕ ತಪ್ಪು. ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲಿನ ಪಕ್ಕದ ಕಂಬದಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿರುತ್ತಾರೆ.

ಸ್ಟೆಪ್ನಿ ಇದೆಯೇ ಎಂದು ಡಿಕ್ಕಿಯ ನೆಲ ಎತ್ತಿ ನೋಡಿ. ಹಲವು ಹಾಟ್ ಹ್ಯಾಚ್‌ಗಳಲ್ಲಿ ಇರುವುದಿಲ್ಲ. ಒಂದು ಬಾಟಲಿ ಅಂಟು ದ್ರವ, ಒಂದು ಗಾಳಿ ಪಂಪು ಅಷ್ಟೇ. ಮೊಳೆ ಚುಚ್ಚಿದ ಪಂಕ್ಚರಿಗೆ ಅದು ಸಾಕು. ಟಯರಿನ ಪಕ್ಕ ಸೀಳಿದರೆ ಏನೂ ಪ್ರಯೋಜನವಿಲ್ಲ. ದೂರ ಓಡಾಡುವವರು ತೆಳು ಸ್ಟೆಪ್ನಿ ಒಂದನ್ನು ಬೇರೆಯಾಗಿ ಕೊಂಡು ಇಟ್ಟುಕೊಳ್ಳಿ. ಅದು ಮುಂದಿನ ಬ್ರೇಕ್ ಮೇಲೆ ಕೂರುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ಹಾಕಿ ನೋಡಿ. ಕೂರದಿದ್ದರೆ ಹಿಂದಿನ ಚಕ್ರ ಮುಂದಕ್ಕೆ ಹಾಕಿ, ಸ್ಟೆಪ್ನಿ ಹಿಂದಕ್ಕೆ ಹಾಕಬೇಕು.

ಇನ್ನು ಟಯರಿನ ಜಾತಿ. ರೇಸ್ ಟ್ರ್ಯಾಕಿಗೆಂದು ಮಾಡಿದ ಅರೆ ನುಣುಪು ಟಯರು ಒಣ ರಸ್ತೆಯಲ್ಲಿ ಅಂಟಿಕೊಂಡಂತೆ ಹಿಡಿಯುತ್ತದೆ. ಮಳೆನೀರು ನಿಂತ ರಸ್ತೆಯಲ್ಲಿ ತೇಲುತ್ತದೆ. ದಿನದ ಗಾಡಿಗೆ ಬೇಡ. ಒಳ್ಳೆಯ ರೋಡ್ ಟಯರು ಸಾಕು. ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿಳಿಯುವ ಜಾಗದಲ್ಲಿ ಬೇಸಿಗೆ ಟಯರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಅಲ್ಲಿ ಚಳಿಗಾಲದ್ದೇ ಇನ್ನೊಂದು ಸೆಟ್ ಬೇಕು. ಹಲವು ದೇಶಗಳ ಕಾನೂನು 1.6 ಮಿಲಿಮೀಟರ್ ಗೀರು ಉಳಿದಿದ್ದರೆ ಸಾಕು ಎನ್ನುತ್ತದೆ. ನಾನು 3 ಮಿಲಿಮೀಟರ್‌ಗೇ ಬದಲಿಸಿ ಎನ್ನುತ್ತೇನೆ. ಅಲ್ಲಿಂದ ಕೆಳಗೆ ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲುವ ದೂರ ಜಾಸ್ತಿಯಾಗುತ್ತಾ ಹೋಗುತ್ತದೆ.

ಹಂತ 5: ಟೆಸ್ಟ್ ಡ್ರೈವನ್ನು ನಿಧಾನವಾಗಿ ಮಾಡಿ

ಖಾಲಿ ರಸ್ತೆಯಲ್ಲಿ ಒಮ್ಮೆ ಪೂರ್ತಿ ಒತ್ತಿ, ನಕ್ಕು, ಮುಂಗಡ ಕೊಟ್ಟು ಬರುವ ಟೆಸ್ಟ್ ಡ್ರೈವ್ ಯಾವುದಕ್ಕೂ ಆಗುವುದಿಲ್ಲ. ನೀವು ತಿಳಿಯಬೇಕಾದ್ದು ಬೇರೆ.

ಮೊದಲು ಸೀಟು. ಪಕ್ಕಗಳು ಎತ್ತರವಾಗಿ ತೊಡೆ, ಪಕ್ಕೆ ಹಿಡಿಯುವ ಸೀಟು ಹತ್ತು ನಿಮಿಷಕ್ಕೆ ಚೆನ್ನಾಗಿರುತ್ತದೆ, ಒಂದು ಗಂಟೆಗೆ ಚುಚ್ಚುತ್ತದೆ. ಹತ್ತಿ ಇಳಿದು, ಹತ್ತಿ ಇಳಿದು ಮಾಡಿ. ಗಾಡಿ ನಿಲ್ಲಿಸಿಕೊಂಡೇ ಕಾಲು ಗಂಟೆ ಕೂತಿರಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ ಹಿಂದೆ ಕೂರಿಸಿ.

ಆಮೇಲೆ ಕೆಟ್ಟ ರಸ್ತೆ. 30 ಕಿಲೋಮೀಟರ್ ವೇಗದಲ್ಲಿ ಹರಕು ಡಾಂಬರಿನ ಮೇಲೆ ಓಡಿಸಿ. ಬಿಗಿ ಸಸ್ಪೆನ್ಷನ್ ಎಂದ ಮಾತ್ರಕ್ಕೆ ಕೆಟ್ಟ ಸಸ್ಪೆನ್ಷನ್ ಅಲ್ಲ. ಒಳ್ಳೆಯ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಇದ್ದರೆ ಗಾಡಿ ಉಬ್ಬಿಗೆ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಅಲ್ಲಿಗೆ ಮುಗಿಯಿತು. ಅಗ್ಗದ್ದಾದರೆ ಏರಿಳಿತ ಮುಗಿಯುವುದೇ ಇಲ್ಲ, ಅಥವಾ ಪ್ರತಿ ಸಣ್ಣ ಕಲ್ಲೂ ಬೆನ್ನಿಗೆ ಬಂದು ಬಡಿಯುತ್ತದೆ. ಪಕ್ಕದ ಸೀಟಿನವರ ತಲೆಯನ್ನು ಗಮನಿಸಿ. ತಲೆ ಒಂದೇ ಸಮ ಅಲ್ಲಾಡುತ್ತಿದ್ದರೆ ಆ ಗಾಡಿ ಮನೆಮಂದಿಗೆ ಹಿಡಿಸುವುದಿಲ್ಲ. ಬಿಗಿತ ಬದಲಿಸುವ ಅಡಾಪ್ಟಿವ್ ಡ್ಯಾಂಪರ್ ಆಯ್ಕೆ ಇದ್ದರೆ ಹಾಕಿಸಿಕೊಳ್ಳಿ. ದುಡ್ಡು ಜಾಸ್ತಿ ಹಾಕಬಹುದಾದ ಜಾಗ ಅದೊಂದೇ.

ಹೈವೇಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಮಾನ್ಯ ದನಿಯಲ್ಲಿ ಮಾತಾಡಿ ನೋಡಿ. ಅಗಲ ಟಯರು ಒರಟು ರಸ್ತೆಯಲ್ಲಿ ಬಹಳ ಸದ್ದು ಮಾಡುತ್ತದೆ. ಕೊನೆಗೆ ಯು ಟರ್ನ್ ಒಂದು ಮಾಡಿ. ಅಗಲ ಟಯರಿನಿಂದಾಗಿ ಕೆಲವು ಹಾಟ್ ಹ್ಯಾಚ್‌ಗಳ ಚಕ್ರ ಮಾಮೂಲಿ ಗಾಡಿಯಷ್ಟು ತಿರುಗುವುದಿಲ್ಲ. ಒಂದೇ ಸಲಕ್ಕೆ ಆಗಬೇಕಾದ ತಿರುವಿಗೆ ಮೂರು ಸಲ ಹಿಂದೆ ಮುಂದೆ ಮಾಡಬೇಕಾಗುತ್ತದೆ.

ಹಂತ 6: ಸೆಕೆಂಡ್ ಹ್ಯಾಂಡ್ ಆದರೆ ಹೀಗೆ ನೋಡಿ

ಹಾಟ್ ಹ್ಯಾಚನ್ನು ಮೆಲ್ಲಗೆ ಓಡಿಸಿದವರು ಇದ್ದಾರೆ, ಹಿಂಡಿ ಹಿಪ್ಪೆ ಮಾಡಿದವರೂ ಇದ್ದಾರೆ. ಇವರಲ್ಲಿ ಯಾರ ಗಾಡಿ ಎನ್ನುವುದು ಗಾಡಿಯೇ ಹೇಳುತ್ತದೆ.

ಮಾರುವವರಿಗೆ ಮೊದಲೇ ಹೇಳಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣನೆಯ ಇಂಜಿನ್ ಸ್ಟಾರ್ಟ್ ಆಗುವಾಗ ಬರುವ ಸದ್ದು, ಹೊಗೆ ಎರಡನ್ನೂ ಯಾರೂ ಮುಚ್ಚಿಡಲಾಗುವುದಿಲ್ಲ. ಟೈಮಿಂಗ್ ಚೈನ್ ಸಡಿಲವಾಗಿದ್ದರೆ ಮೊದಲ ಕೆಲವು ಸೆಕೆಂಡ್ ಗಲಗಲ ಸದ್ದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಚಳಿಯಲ್ಲಿ ಬಿಳಿ ಹಬೆ ಬರುವುದು ಸಹಜ. ಬಿಸಿಯಾದ ಮೇಲೂ ದಟ್ಟವಾಗಿ, ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಇಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಇಂಜಿನ್ನಿನ ಉರಿಯುವ ಜಾಗಕ್ಕೆ ಸೋರುತ್ತಿದೆ.

ಈಗ ಟಯರಿನ ಹತ್ತಿರ ಕೂರಿ. ಸ್ಟೇರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿಟ್ಟರೆ ಮುಂದಿನ ಟಯರಿನ ಒಳ ಅಂಚು ಕಾಣಿಸುತ್ತದೆ. ಅದರ ಮೇಲೆ ಅಂಗೈಯನ್ನು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಆಡಿಸಿ. ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಅಲೈನ್‌ಮೆಂಟ್ ಸರಿಯಿಲ್ಲ. ಹೊರಗಿನಿಂದ ಹೊಸದಾಗಿ ಕಾಣುವ ಟಯರಿನ ಒಳ ಅಂಚಿನಲ್ಲಿ ತಂತಿ ಕಾಣುವುದೂ ಉಂಟು. ಬೆರಳು ಅಲ್ಲಿಂದ ಒಳಗೆ ಚಾಚಿ ರಿಮ್‌ನ ಒಳಭಾಗ ಮುಟ್ಟಿ ನೋಡಿ. ಹೊರಗೆ ಪೇಂಟ್ ಮಾಡಿ ಹೊಳೆಸಿದ ರಿಮ್ಮಿಗೆ ಒಳಗಡೆ ಬಾಗು, ಬಿರುಕು, ವೆಲ್ಡಿಂಗ್ ಗುರುತು ಇರಬಹುದು. ನಾಲ್ಕೂ ಟಯರ್ ಒಂದೇ ಬ್ರ್ಯಾಂಡ್, ಒಂದೇ ಮಾದರಿ ಆಗಿದ್ದರೆ ಅದು ಒಳ್ಳೆಯ ಲಕ್ಷಣ. ಇಷ್ಟು ಪವರಿನ ಗಾಡಿಗೆ ನಾಲ್ಕು ಬಗೆಯ ಅಗ್ಗದ ಟಯರು ಹಾಕಿದವರು ಆಯಿಲ್‌ನಲ್ಲೂ ಉಳಿತಾಯ ಮಾಡಿರುತ್ತಾರೆ. ಟಯರಿನ ಪಕ್ಕದ ನಾಲ್ಕು ಅಂಕಿ ವಯಸ್ಸು ಹೇಳುತ್ತದೆ: 2319 ಎಂದರೆ 2019ರ 23ನೇ ವಾರ.

ಓಡಿಸುವಾಗ ಕ್ಲಚ್ ಪರೀಕ್ಷೆ ಮಾಡಿ. ಇಂಜಿನ್ ಬಿಸಿಯಾದ ಮೇಲೆ, ನಾಲ್ಕನೇ ಗೇರಿನಲ್ಲಿ 2,000 ಆರ್‌ಪಿಎಂ ದಾಟಿದಾಗ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಹಾರಿ, ವೇಗ ಅದರ ಜೊತೆಗೆ ಏರದಿದ್ದರೆ ಕ್ಲಚ್ ಜಾರುತ್ತಿದೆ. ಮೂರರಿಂದ ಎರಡಕ್ಕೆ ಇಳಿಸುವಾಗ ಕರಕರ ಅಂದರೆ ಗೇರುಗಳ ವೇಗ ಹೊಂದಿಸುವ ಗೇರ್‌ಬಾಕ್ಸಿನ ಸಿಂಕ್ರೊ ಸವೆದಿದೆ.

ರೀಮ್ಯಾಪ್ ಮಾಡಿ (ಪವರ್ ಏರಿಸಲು ಇಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ), ಮಾರುವ ಮೊದಲು ಮೂಲ ಸಾಫ್ಟ್‌ವೇರ್ ವಾಪಸ್ ಹಾಕಿದ ಗಾಡಿಗಳು ಬೇಕಾದಷ್ಟಿವೆ. ಎಕ್ಸಾಸ್ಟ್ ಕ್ಲ್ಯಾಂಪ್ ಬೋಲ್ಟ್‌ಗಳು ಹೊಸದಾಗಿವೆಯೇ, ಗಾಳಿ ಪೈಪಿನ ಹಿಡಿಕೆಗಳ ಮೇಲೆ ಸ್ಕ್ರೂಡ್ರೈವರ್ ಗೀರು ಇದೆಯೇ ನೋಡಿ. ಪರಿಚಯದ ಮೆಕ್ಯಾನಿಕ್ ಇದ್ದರೆ ಗಾಡಿಯ ಕಂಪ್ಯೂಟರ್ ಓದುವ ಓಬಿಡಿ ಸ್ಕ್ಯಾನರ್ ಹಾಕಿಸಿ. ದೋಷದ ಕೋಡ್ ಒಂದೂ ಇಲ್ಲ, ಆದರೆ ಗಾಡಿಯ ಸ್ವಯಂ ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಅಂತ ಸ್ಕ್ಯಾನರ್ ತೋರಿಸಿದರೆ ಎಚ್ಚರ. ಯಾರೋ ಈಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಯಾಕೆ ಎಂದು ಕೇಳಿ. ಸರ್ವಿಸ್ ಪುಸ್ತಕ ಪೂರ್ತಿ ಇರುವ ಮೂಲ ಸ್ಥಿತಿಯ ಗಾಡಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಹಂತ 7: ಖರ್ಚಿನ ಲೆಕ್ಕ

ಬೆಲೆಯ ಜೊತೆಗೆ ಒಂದು ಸೆಟ್ ಟಯರು, ಒಂದು ಸೆಟ್ ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್, ಒಂದು ದೊಡ್ಡ ಸರ್ವಿಸ್ ಇಷ್ಟರ ದುಡ್ಡು ಮೊದಲ ದಿನವೇ ಬದಿಗಿಡಿ. ಅಷ್ಟು ಉಳಿಯದಿದ್ದರೆ ಒಂದು ಹಂತ ಚಿಕ್ಕ ಗಾಡಿ ನೋಡಿ. ಇನ್ಶೂರೆನ್ಸ್ ಮೊತ್ತವನ್ನು ಗಾಡಿ ಆರಿಸುವ ಮೊದಲೇ ಕೇಳಿ, ಆಮೇಲಲ್ಲ. ಪೆಟ್ರೋಲ್ ಎಷ್ಟು ಆಕ್ಟೇನಿನದ್ದು ಬೇಕು ಎಂಬುದು ಟ್ಯಾಂಕಿನ ಮುಚ್ಚಳದ ಒಳಗೆ ಬರೆದಿರುತ್ತದೆ. 98 ಎಂದು ಬರೆದ ಗಾಡಿಗೆ 95 ಹಾಕಿದರೆ ಹೆಚ್ಚಿನ ಇಂಜಿನ್‌ಗಳು ತಾವೇ ಹೊಂದಿಸಿಕೊಂಡು ಓಡುತ್ತವೆ, ಆದರೆ ಪವರ್ ಕಡಿಮೆ. ನೀವು ದುಡ್ಡು ಕೊಟ್ಟದ್ದೇ ಆ ಪವರಿಗೆ, ಅಲ್ವಾ?

ಹಂತ 8: ಮೊದಲ 1,500 ಕಿಲೋಮೀಟರ್

ಹೊಸ ಗಾಡಿಯಾದರೆ ಸುಮಾರು 1,500 ಕಿಲೋಮೀಟರ್‌ವರೆಗೆ ಪೂರ್ತಿ ಒತ್ತಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗಲೂಬೇಡಿ. ಆರ್‌ಪಿಎಂ ಏರಿಳಿಯುತ್ತಿರಲಿ. ನಿಮ್ಮ ಕೈಪಿಡಿ ಬೇರೆ ಲೆಕ್ಕ ಹೇಳಿದರೆ ಅದೇ ಸರಿ. ಹೊಸ ಟಯರಿಗೂ ಹೊಸ ಬ್ರೇಕ್ ಪ್ಯಾಡಿಗೂ ಮೊದಲ ಕೆಲವು ನೂರು ಕಿಲೋಮೀಟರ್ ಪೂರ್ತಿ ಹಿಡಿತ ಇರುವುದಿಲ್ಲ.

ಹಂತ 9: ದಿನದ ಅಭ್ಯಾಸಗಳು

ಬೆಳಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಲ್ಲಿಸಿಕೊಂಡು ಕಾಯಬೇಕಾಗಿಲ್ಲ. ಅರ್ಧ ನಿಮಿಷ ಸಾಕು, ಮೆಲ್ಲಗೆ ಹೊರಡಿ. ಕೂಲೆಂಟ್ ಮುಳ್ಳು ನಡುವಿಗೆ ಬಂದ ಕೂಡಲೇ ಇಂಜಿನ್ ಬಿಸಿಯಾಯಿತು ಅಂದುಕೊಳ್ಳಬೇಡಿ. ಆಯಿಲ್ ಬಿಸಿಯಾಗುವುದು ಅದಕ್ಕಿಂತ ತಡ. ಆಯಿಲ್ ಉಷ್ಣತೆ ತೋರಿಸುವ ಸ್ಕ್ರೀನ್ ಇದ್ದರೆ ಅದನ್ನೇ ನೋಡಿ, 80 ಡಿಗ್ರಿ ಆಗುವವರೆಗೆ 3,000 ಆರ್‌ಪಿಎಂ ಒಳಗಿರಿ. ಇಲ್ಲದಿದ್ದರೆ ಮೊದಲ ಕಾಲು ಗಂಟೆ ಹದವಾಗಿ ಓಡಿಸಿ. ಜೋರಾಗಿ ಓಡಿಸಿ ಬಂದರೆ ಕೊನೆಯ ಒಂದೆರಡು ಕಿಲೋಮೀಟರ್ ಮೆಲ್ಲಗೆ ಬನ್ನಿ, ಟರ್ಬೊ ತಣಿಯಲಿ.

ಇನ್ನೊಂದು ಅಭ್ಯಾಸ ಮೈಲೇಜ್ ಆಸೆಯಿಂದ ಬರುತ್ತದೆ. ಟಾಪ್ ಗೇರಿನಲ್ಲಿ 1,300 ಆರ್‌ಪಿಎಂನಲ್ಲಿ ಹೋಗುತ್ತಾ ಓವರ್‌ಟೇಕಿಗೆ ಒಮ್ಮೆಲೇ ಪೂರ್ತಿ ಒತ್ತುವುದು. ಚಿಕ್ಕ ಟರ್ಬೊ ಇಂಜಿನ್‌ನಲ್ಲಿ ಸ್ಪಾರ್ಕ್ ಬರುವ ಮೊದಲೇ ಒಳಗಡೆ ಉರಿ ಹೊತ್ತಿಕೊಳ್ಳಲು ಇದು ಕಾರಣವಾಗಬಹುದು. ಅದರ ಏಟಿಗೆ ಪಿಸ್ಟನ್ನೇ ಒಡೆಯಬಹುದು. ಗೇರ್ ಇಳಿಸಿ, ಆಮೇಲೆ ಒತ್ತಿ. 2020ರಲ್ಲಿ ಬಂದ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಪಿ ದರ್ಜೆಯ ಆಯಿಲ್‌ಗಳನ್ನು ಈ ತೊಂದರೆ ತಡೆಯುವುದನ್ನೂ ಮನಸ್ಸಿನಲ್ಲಿಟ್ಟು ರೂಪಿಸಿದ್ದಾರೆ. ನಿಮ್ಮ ಗಾಡಿಯ ಕೈಪಿಡಿ ಕೇಳುವ ದರ್ಜೆ, ದಪ್ಪ ಎರಡೂ ಸರಿ ಇರುವ ಆಯಿಲನ್ನೇ ಹಾಕಿ.

ಕೆಲವು ಕಂಪನಿಗಳು ಆಯಿಲ್ ಬದಲಿಸಲು 15,000 ಅಥವಾ ಇನ್ನೂ ಜಾಸ್ತಿ ಕಿಲೋಮೀಟರ್ ಅವಧಿ ಕೊಡುತ್ತವೆ. ನಾನು 10,000ಕ್ಕೆ ಅಥವಾ ವರ್ಷಕ್ಕೊಮ್ಮೆ ಎನ್ನುತ್ತೇನೆ. ಟರ್ಬೊದ ಬೇರಿಂಗ್ ನಿಂತಿರುವುದೇ ಆ ಆಯಿಲ್ ಮೇಲೆ. ಎರಡು ಸಲ ಪೆಟ್ರೋಲ್ ತುಂಬಿಸಿದರೆ ಒಂದು ಸಲ ಡಿಪ್‌ಸ್ಟಿಕ್ ಎಳೆದು ನೋಡಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಗಾಳಿಯಿಂದ ನೀರು ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155 ಡಿಗ್ರಿ. ಬೆಟ್ಟದ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗುವುದು ಇದರಿಂದಲೇ.

ಹಂತ 10: ಕಾನೂನಿನ ವೇಗದಲ್ಲೇ ಖುಷಿ

ದಿನದ ದಾರಿಯಲ್ಲಿ ಈ ಗಾಡಿಯ ಸುಖ ಸಿಗುವುದು ಸಣ್ಣ ಜಾಗಗಳಲ್ಲಿ. ಸರ್ಕಲ್ ಒಂದನ್ನು ಎರಡನೇ ಗೇರಿನಲ್ಲಿ ಒಂದೇ ಹಿಡಿತದಲ್ಲಿ ದಾಟುವುದು. ಹೈವೇಗೆ ಸೇರುವ ದಾರಿಯಲ್ಲಿ 40ರಿಂದ 80ಕ್ಕೆ ಏರುವುದು. ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ, ತಿರುವಿನ ನಡುವಿನಿಂದ ಮೆಲ್ಲಗೆ ಆಕ್ಸಿಲರೇಟರ್ ಕೊಡುತ್ತಾ ಹೊರಬರುವುದು. ಇದನ್ನು ಚೆನ್ನಾಗಿ ಕಲಿತರೆ ಪಕ್ಕದಲ್ಲಿ ಕೂತವರಿಗೆ ನಿದ್ದೆ ಬರಬೇಕು, ಅಷ್ಟು ನಯವಾಗಿರುತ್ತದೆ.

ವೇಗವಾಗಿ ತಿರುಗುತ್ತಿರುವಾಗ ಗಾಬರಿಯಾಗಿ ಆಕ್ಸಿಲರೇಟರ್ ಪೂರ್ತಿ ಬಿಡಬೇಡಿ. ತೂಕ ಮುಂದಕ್ಕೆ ಬಿದ್ದು ಹಿಂಭಾಗ ಹಗುರಾಗಿ ಜಾರುತ್ತದೆ. 1984ರಲ್ಲಿ ಬಂದ ಪ್ಯೂಜೊ 205 ಜಿಟಿಐ ಈ ಗುಣಕ್ಕೆ ಹೆಸರಾಗಿತ್ತು. ಈಗಿನ ಗಾಡಿಗಳಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಅದನ್ನು ತಡೆಯುತ್ತದೆ. ಆ ಬಟನನ್ನು ಸಾರ್ವಜನಿಕ ರಸ್ತೆಯಲ್ಲಿ ಆಫ್ ಮಾಡಲೇಬೇಡಿ.

ಮೋಡ್ ಬದಲಿಸುವ ಸೌಲಭ್ಯವಿದ್ದರೆ ನಿಮ್ಮದೇ ಒಂದು ಮೋಡ್ ಉಳಿಸಿಕೊಳ್ಳಿ: ಇಂಜಿನ್ ಚುರುಕು, ಡ್ಯಾಂಪರ್ ಮೆದು, ಎಕ್ಸಾಸ್ಟ್ ಸದ್ದು ಕಡಿಮೆ. ದಿನಕ್ಕೆ ಇದೇ ಸರಿ. ಬೆಳಗಿನ ಜಾವ ಮನೆ ಮುಂದೆ ಪಟಪಟ ಸದ್ದು ಮಾಡಿ ಬೀದಿಯವರ ನಿದ್ದೆ ಕೆಡಿಸುವುದು ಬೇಡ. ಈ ಗಾಡಿಗಳಿಗೆ ಕೆಟ್ಟ ಹೆಸರು ಬರುವುದೇ ಅಲ್ಲಿಂದ.

ಹಂತ 11: ಮಾರ್ಪಾಡು ಮಾಡುವ ಆಸೆ ಬಂದರೆ

ಬರುತ್ತದೆ. ಮೊದಲ ವರ್ಷ ಏನೂ ಮುಟ್ಟಬೇಡಿ. ಗಾಡಿ ನಿಮಗೆ ಪೂರ್ತಿ ಪರಿಚಯವಾಗಲಿ. ಆಮೇಲೂ ಮೊದಲು ಒಳ್ಳೆಯ ಟಯರು, ಆಮೇಲೆ ಒಳ್ಳೆಯ ಬ್ರೇಕ್ ಪ್ಯಾಡ್ ಮತ್ತು ಹೊಸ ಬ್ರೇಕ್ ಆಯಿಲ್, ಅದರ ನಂತರ ಸರಿಯಾದ ಅಲೈನ್‌ಮೆಂಟ್. ಇಷ್ಟರಲ್ಲೇ ಗಾಡಿ ಎಷ್ಟು ಬದಲಾಗುತ್ತದೆ ಎಂದರೆ ಹೆಚ್ಚಿನವರ ಆಸೆ ಅಲ್ಲಿಗೆ ತೀರುತ್ತದೆ. ದಿನದ ಗಾಡಿಯನ್ನು ಇನ್ನೂ ಕೆಳಗಿಳಿಸಬೇಡಿ. ಸಸ್ಪೆನ್ಷನ್ ಓಡಾಡುವ ಜಾಗ ಕಡಿಮೆಯಾಗಿ, ಹಿಡಿತ ಇರಬೇಕಾದ ಕೆಟ್ಟ ರಸ್ತೆಯಲ್ಲೇ ಚಕ್ರ ಹಾರುತ್ತದೆ.

ರೀಮ್ಯಾಪ್ ಮಾಡಿಸಿದರೆ ಟಾರ್ಕ್ ಏರುತ್ತದೆ. ಆ ಹೆಚ್ಚಿನ ಟಾರ್ಕನ್ನು ಮೊದಲು ಹೊರುವುದು ಕ್ಲಚ್, ಆಮೇಲೆ ಗೇರ್‌ಬಾಕ್ಸ್. ವಾರಂಟಿ ಇರುವಾಗ ಮಾಡಿಸಿದರೆ ಇಂಜಿನ್, ಗೇರ್‌ಬಾಕ್ಸ್ ಮೇಲಿನ ವಾರಂಟಿ ಕಳೆದುಕೊಳ್ಳುವ ಸಾಧ್ಯತೆ ಹೆಚ್ಚು. ಸಾಫ್ಟ್‌ವೇರ್ ವಾಪಸ್ ಹಾಕಿದರೂ ಕಂಪನಿಯ ಕಂಪ್ಯೂಟರಿಗೆ ಗೊತ್ತಾಗುವ ಗಾಡಿಗಳಿವೆ. ಏನೇ ಮಾರ್ಪಾಡು ಮಾಡಿದರೂ ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ತಿಳಿಸಿ, ಅವರ ಒಪ್ಪಿಗೆಯ ಪ್ರತಿ ಇಟ್ಟುಕೊಳ್ಳಿ. ಮುಚ್ಚಿಟ್ಟ ರೀಮ್ಯಾಪ್ ಅಪಘಾತವಾದ ದಿನ ಹೊರಬಂದರೆ ಕ್ಲೇಮ್ ಪೂರ್ತಿ ಹೋಗಬಹುದು. ತೆಗೆದ ಮೂಲ ಭಾಗಗಳನ್ನು ಎಸೆಯಬೇಡಿ. ರಿಮ್ಮು, ಎಕ್ಸಾಸ್ಟ್, ಸ್ಪ್ರಿಂಗ್ ಎಲ್ಲವನ್ನೂ ಹೆಸರು ಬರೆದು ಒಂದು ಮೂಲೆಯಲ್ಲಿಡಿ. ಮುಂದೆ ಗಾಡಿ ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅವನ್ನೇ.